ಕೊಟ್ಟವನಿಗೆ ದೊರೆಯುವುದೇನು? – ರಕ್ತದಾನದಿಂದ ಕಲಿತ ಪಾಠ

ದಾನದ ಮಹಿಮೆಯನ್ನು ಕೇಳದೆ ಬೆಳೆದ ಕನ್ನಡಿಗನಿಲ್ಲ. ಮೈಗೆ ಅಂಟಿಬಂದ ಕವಚವನ್ನೇ ಕತ್ತರಿಸಿ ಕೊಟ್ಟ ಕರ್ಣನ ಕಥೆಯನ್ನೂ, ಪಾರಿವಾಳದ ಪ್ರಾಣಕ್ಕಾಗಿ ತನ್ನ ಮಾಂಸವನ್ನೇ ತೂಗಿಕೊಟ್ಟ ಶಿಬಿಯ ಕಥೆಯನ್ನೂ ನಾವು ಬಾಲ್ಯದಲ್ಲಿಯೇ ಕೇಳಿದ್ದೇವೆ. ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಶಾಲೆಯಲ್ಲಿ ಓದಿದ್ದೇವೆ. 12ನೆಯ ಶತಮಾನದ ಶರಣರು ಕಾಯಕದ ಜೊತೆಗೆ ದಾಸೋಹವನ್ನು ಇರಿಸಿದರು; ಕೊಡುವವನಲ್ಲಿ 'ನಾನು ಕೊಟ್ಟೆ'ನೆಂಬ ಅಹಂಭಾವ ಉಳಿಯಬಾರದೆಂಬುದು ಅದರ ತಿರುಳು. ಇಷ್ಟೆಲ್ಲವನ್ನೂ ಕೇಳಿ ತಲೆದೂಗಿದವರಲ್ಲಿ ನಾನೂ ಒಬ್ಬ. ಆದರೆ ಬಾಳಿನ ಸಾರ್ಥಕತೆಯು ಕೊಡುವುದರಲ್ಲಿದೆ ಎಂಬುದನ್ನು ನಾನು ಕಲಿತದ್ದು, ಕೊಡಬೇಕಾಗಿದ್ದ ಹೊತ್ತಿನಲ್ಲಿ ಕೊಡದೆ ಹಿಂದೆ ಸರಿದುದರಿಂದ. ಈ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ರಕ್ತದಾನವನ್ನು ಕುರಿತು ಬರೆಯಬೇಕೆಂದು ಸಂಪಾದಕರು ಕೇಳಿದಾಗ, ಆ ಸಂಗತಿಯನ್ನು ಮೊದಲು ಹೇಳದೆ ಉಪದೇಶಕ್ಕೆ ತೊಡಗುವುದು ಪ್ರಾಮಾಣಿಕತೆಯಲ್ಲವೆಂದು ನನಗೆ ತೋರಿತು.

1979ರ ಒಂದು ರಾತ್ರಿ

ಧಾರವಾಡದ ಕಡೆಯಿಂದ ಮುಂಬಯಿಗೆ ಬಂದು, ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ಸೇರಿ ನನಗೆ ನಾಲ್ಕು ವರ್ಷಗಳಾಗಿದ್ದವು. ವಯಸ್ಸು 27. ಊರಿನಲ್ಲಿ ಅತ್ತೆಯವರು ಹಾಸಿಗೆ ಹಿಡಿದಿದ್ದುದರಿಂದ ನನ್ನ ಹೆಂಡತಿಯ ಚೊಚ್ಚಲ ಹೆರಿಗೆ ತವರಿನಲ್ಲಿ ಆಗದೆ ಇಲ್ಲಿಯೇ, ನಗರದ ಒಂದು ಆಸ್ಪತ್ರೆಯಲ್ಲಿ ಆಗಬೇಕಾಯಿತು. ಹೆಣ್ಣು ಮಗು ಹುಟ್ಟಿತು; ಆದರೆ ತಾಯಿಯ ರಕ್ತಸ್ರಾವ ನಿಲ್ಲಲಿಲ್ಲ. ಎರಡು ಸೀಸೆ ರಕ್ತ ಬೇಕೆಂದು ವೈದ್ಯರು ಹೇಳಿದರು. ರಕ್ತನಿಧಿಯವರು ಒಂದು ಸೀಸೆಯನ್ನು ಕೊಟ್ಟು, ಎರಡನೆಯದನ್ನು ಕೊಡಬೇಕಾದರೆ ಬದಲಿಗೆ ಒಬ್ಬರು ರಕ್ತ ಕೊಡಬೇಕೆಂದೂ, ಯಾವ ಗುಂಪಿನವರಾದರೂ ಆಗಬಹುದೆಂದೂ ತಿಳಿಸಿ, ನನ್ನ ಮುಖವನ್ನು ನೋಡಿದರು.

ನಾನು ಆರೋಗ್ಯವಂತನಾಗಿದ್ದೆ. ಕೊಡಬಹುದಾಗಿತ್ತು. ಆದರೆ ನನಗೆ ಭಯವಾಯಿತು. ರಕ್ತ ಕೊಟ್ಟವನು ಮತ್ತೆ ಮೊದಲಿನಂತಾಗುವುದಿಲ್ಲವೆಂದು ಊರಿನಲ್ಲಿ ಹಿರಿಯರು ಆಡುತ್ತಿದ್ದ ಮಾತು ನೆನಪಿಗೆ ಬಂತು. ಈಚೆಗೆ ಜ್ವರ ಬಂದಿತ್ತೆಂದು ಸುಳ್ಳು ಹೇಳಿದೆ. ಆಗ ಯಾರೋ ಮೆಲ್ಲನೆ, 'ಹೊರಗೆ ಒಬ್ಬನಿದ್ದಾನೆ, ಹಣ ಕೊಟ್ಟರೆ ಬರುತ್ತಾನೆ' ಎಂದರು. ಆ ಕಾಲದಲ್ಲಿ ರಕ್ತವನ್ನು ಮಾರುವುದಕ್ಕೆ ಅಡ್ಡಿಯಿರಲಿಲ್ಲ.

ಬಂದವನು ನನ್ನ ಓರಗೆಯವನೇ. ಹೇಳುವ ಮುನ್ನವೇ ತೋಳನ್ನು ಮಡಿಸಿದ. ಮೊಣಕೈಯ ಮಡಿಕೆಯಲ್ಲಿ ಹಳೆಯ ಚುಚ್ಚುಗಳ ಕಪ್ಪು ಕಲೆಗಳಿದ್ದವು; ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿಕೊಂಡಿತ್ತು. ಕೆಲಸ ಮುಗಿದ ಮೇಲೆ ಒಂದು ಲೋಟ ಚಹ ಕುಡಿದು, ನಾನು ಕೊಟ್ಟ ನೋಟುಗಳನ್ನು ಎಣಿಸಿಕೊಂಡು ಹೊರಟುಹೋದ. ಯಾರಿಗಾಗಿ ಎಂದು ಅವನು ಕೇಳಲಿಲ್ಲ. ನಿನ್ನ ಹೆಸರೇನು ಎಂದು ನಾನೂ ಕೇಳಲಿಲ್ಲ.

ನನ್ನ ಹೆಂಡತಿ ಬದುಕಿದಳು. ಮೂರನೆಯ ದಿನ ಎದ್ದು ಕುಳಿತಾಗ ಅವಳು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, 'ರಕ್ತ ಕೊಟ್ಟಾವ್ರು ಯಾರು? ಮನೀಗೆ ಕರದು ಊಟ ಹಾಕಬೇಕು' ಎಂಬುದು. ಗೊತ್ತಿಲ್ಲವೆಂದೆ. ಹಣ ಸಂದಾಯವಾಗಿತ್ತು, ಲೆಕ್ಕ ಮುಗಿದಿತ್ತು. ಆದರೆ ನಮ್ಮ ಭಾಷೆಯಲ್ಲಿ ಋಣವೆಂಬ ಮಾತೊಂದಿದೆ. ಸಾಲವನ್ನು ಹಣದಿಂದ ತೀರಿಸಬಹುದು. ಋಣ ಹಾಗೆ ತೀರುವುದಿಲ್ಲ. ನನಗಿಂತ ಬಡವನೂ ನನಗಿಂತ ದುರ್ಬಲನೂ ಆದ ಒಬ್ಬನು ನನ್ನ ಮನೆಯ ಜೀವಕ್ಕಾಗಿ ತನ್ನ ಮೈಯಿಂದ ಕೊಟ್ಟಿದ್ದ. ನಾನು ಜೇಬಿನಿಂದ ಮಾತ್ರ ಕೊಟ್ಟಿದ್ದೆ. ಈ ವಿಚಾರ ನನ್ನನ್ನು ಬಹುದಿನ ಬಿಡಲಿಲ್ಲ.

ನನ್ನ ಭಯಕ್ಕೆ ಆಧಾರವಿತ್ತೇ?

ಇರಲಿಲ್ಲವೆಂದು ಆಮೇಲೆ ಓದಿ ತಿಳಿದುಕೊಂಡೆ. ವಯಸ್ಕನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಒಮ್ಮೆ ತೆಗೆಯುವುದು 350 ಅಥವಾ 450 ಮಿಲಿಲೀಟರ್ ಮಾತ್ರ. ಸೂಜಿ ಚುಚ್ಚಿದ ಮೇಲೆ ರಕ್ತ ಚೀಲಕ್ಕೆ ಇಳಿಯಲು ಸಾಮಾನ್ಯವಾಗಿ ಹತ್ತು ನಿಮಿಷವೂ ಬೇಕಾಗುವುದಿಲ್ಲ. ಕಳೆದುಹೋದ ದ್ರವಾಂಶವನ್ನು, ಅಂದರೆ ಪ್ಲಾಸ್ಮಾವನ್ನು, ದೇಹವು ಒಂದೆರಡು ದಿನಗಳಲ್ಲಿಯೇ ತುಂಬಿಕೊಳ್ಳುತ್ತದೆ. ಕೆಂಪು ಕಣಗಳು ಕಡಿಮೆಯಾದುದನ್ನು ಮೂತ್ರಪಿಂಡಗಳು ಗುರುತಿಸಿ, ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತವೆ. ಆ ಸಂದೇಶವನ್ನು ಪಡೆದ ಅಸ್ಥಿಮಜ್ಜೆಯು ತನ್ನ ಕೆಲಸವನ್ನು ಚುರುಕುಗೊಳಿಸುತ್ತದೆ. ಹೀಗೆ ಕೆಲವು ವಾರಗಳಲ್ಲಿ ಕೊರತೆ ತುಂಬುತ್ತದೆ. ರಕ್ತದೊಡನೆ ಹೊರಹೋದ ಕಬ್ಬಿಣದ ಅಂಶವು ಮತ್ತೆ ಕೂಡಿಕೊಳ್ಳಲು ಮಾತ್ರ ಇನ್ನಷ್ಟು ಕಾಲ ಬೇಕು. ಆದುದರಿಂದಲೇ ನಮ್ಮ ದೇಶದ ನಿಯಮವು ಎರಡು ದಾನಗಳ ನಡುವೆ ಪುರುಷರಿಗೆ 90 ದಿನಗಳ, ಸ್ತ್ರೀಯರಿಗೆ 120 ದಿನಗಳ ಅಂತರವನ್ನು ವಿಧಿಸಿದೆ.

ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಕೆಂಪು ಕಣದ ಆಯುಸ್ಸು ಸುಮಾರು 120 ದಿನಗಳು. ನಾವು ಕೊಟ್ಟರೂ ಕೊಡದಿದ್ದರೂ ಇಂದು ನಮ್ಮ ಮೈಯಲ್ಲಿರುವ ಕೆಂಪು ಕಣಗಳು ನಾಲ್ಕು ತಿಂಗಳಲ್ಲಿ ಸತ್ತು, ಅವುಗಳ ಸ್ಥಾನವನ್ನು ಹೊಸವು ತುಂಬುತ್ತವೆ; ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳು ಹುಟ್ಟುತ್ತಲೇ ಇರುತ್ತವೆ. ಕೂಡಿಡಲು ಬಾರದ ವಸ್ತುವನ್ನು ನಾನು ಅಂದು ಕೂಡಿಡಲು ಹೊರಟಿದ್ದೆ.

ಮಾರಿದ ರಕ್ತ, ಕೊಟ್ಟ ರಕ್ತ

ಹಾಗಾದರೆ ಅಂದು ಬಂದವನು ಏಕೆ ಬಿಳಿಚಿಕೊಂಡಿದ್ದ? ಹೊಟ್ಟೆಪಾಡಿಗಾಗಿ ಅವನು ದೇಹವು ಚೇತರಿಸಿಕೊಳ್ಳುವ ಮುನ್ನವೇ ಮತ್ತೆ ಮತ್ತೆ ರಕ್ತವನ್ನು ಮಾರುತ್ತಿದ್ದಿರಬೇಕು. ಅಂತಹವನ ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ. ರೋಗವಿದ್ದರೂ ಅವನು ಹೇಳುವಂತಿಲ್ಲ, ಹೇಳಿದರೆ ಅಂದಿನ ಗಂಜಿಗೆ ಕುತ್ತು. ಬ್ರಿಟಿಷ್ ಸಮಾಜಶಾಸ್ತ್ರಜ್ಞ ರಿಚರ್ಡ್ ಟಿಟ್ಮಸ್ 1970ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಬ್ರಿಟನ್ನಿನ ಉಚಿತ ರಕ್ತದಾನವನ್ನೂ ಅಮೆರಿಕದಲ್ಲಿ ಆಗ ನಡೆಯುತ್ತಿದ್ದ ರಕ್ತದ ವ್ಯಾಪಾರವನ್ನೂ ಹೋಲಿಸಿ, ಮಾರಾಟದ ರಕ್ತವು ರೋಗಿಗೆ ಹೆಚ್ಚು ಅಪಾಯಕರವೆಂದು ವಾದಿಸಿದರು. ಏನನ್ನೂ ಬಯಸದೆ ಕೊಡುವವನಿಗೆ ಸುಳ್ಳು ಹೇಳುವ ಕಾರಣವಿಲ್ಲ. ಇಲ್ಲಿ ನೀತಿಯೂ ವೈದ್ಯಕೀಯವೂ ಒಂದೇ ದಾರಿಯನ್ನು ತೋರುತ್ತವೆ.

ಮುಂಬಯಿಯಲ್ಲಿ ಈ ದಾರಿಯನ್ನು ಮೊದಲು ತೆರೆದವರಲ್ಲಿ ಸಮಾಜಸೇವಕಿ ಲೀಲಾ ಮೂಳಗಾಂವಕರ್ ಅವರ ಹೆಸರನ್ನು ನೆನೆಯಬೇಕು. 1954ರಲ್ಲಿ ಅವರು ಸ್ವಯಂಪ್ರೇರಿತ ರಕ್ತದಾನದ ಶಿಬಿರಗಳಿಗೆ ಚಾಲನೆ ಕೊಟ್ಟರು. ಆದರೂ ರಕ್ತದ ವ್ಯಾಪಾರ ದೇಶದಲ್ಲಿ ದಶಕಗಳ ಕಾಲ ಮುಂದುವರಿಯಿತು. ಸರ್ವೋಚ್ಚ ನ್ಯಾಯಾಲಯವು 1996ರ ಜನವರಿಯಲ್ಲಿ ನೀಡಿದ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಕೊಡುವುದು ನಿಷೇಧಕ್ಕೊಳಗಾಯಿತು. ಆ ದಿನ ನನಗೆ ನೆನಪಾದವನು ಅದೇ ಮನುಷ್ಯ. ಕಾನೂನು ಅವನ ಮಾರುಕಟ್ಟೆಯನ್ನು ಮುಚ್ಚಿತು. ಅವನು ತುಂಬುತ್ತಿದ್ದ ಸೀಸೆಯನ್ನು ಇನ್ನು ತುಂಬಬೇಕಾದವರು ಹೊಟ್ಟೆ ತುಂಬಿದ ನಾವು.

ಪಡೆದವನೇ ಕೊಟ್ಟವನಾದ ಕಥೆ

ಋಣವನ್ನು ಹೇಗೆ ದಾನವಾಗಿ ಮಾಡಿಕೊಳ್ಳಬಹುದೆಂಬುದಕ್ಕೆ ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಅವರ ಬಾಳು ಒಂದು ನಿದರ್ಶನ. 1951ರಲ್ಲಿ, ತಮ್ಮ 14ನೆಯ ವಯಸ್ಸಿನಲ್ಲಿ, ಅವರು ಎದೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದರು. ಅವರನ್ನು ಉಳಿಸಿದುದು ಅಪರಿಚಿತರು ಕೊಟ್ಟ ರಕ್ತ. ದಾನಿಯಾಗುವ ವಯಸ್ಸು ಬಂದೊಡನೆ ತಾನೂ ಕೊಡುವೆನೆಂದು ಆ ಬಾಲಕನು ನಿಶ್ಚಯಿಸಿ, 1954ರಲ್ಲಿ ಅದನ್ನು ಆರಂಭಿಸಿದನು. ಅನಂತರ ತಿಳಿದುಬಂದ ಸಂಗತಿಯೆಂದರೆ, ಅವರ ಪ್ಲಾಸ್ಮಾದಲ್ಲಿ ಆಂಟಿ-ಡಿ ಎಂಬ ಪ್ರತಿಕಾಯವು ಹೇರಳವಾಗಿತ್ತು. ಆರ್‌ಎಚ್ ನೆಗೆಟಿವ್ ಗುಂಪಿನ ತಾಯಿಯ ಗರ್ಭದಲ್ಲಿ ಆರ್‌ಎಚ್ ಪಾಸಿಟಿವ್ ಶಿಶುವಿದ್ದಾಗ, ತಾಯಿಯ ದೇಹವು ಶಿಶುವಿನ ರಕ್ತಕಣಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿ, ಮುಂದಿನ ಶಿಶುಗಳ ಪ್ರಾಣಕ್ಕೆ ಎರವಾಗಬಹುದು. ತಕ್ಕ ಸಮಯದಲ್ಲಿ ಕೊಡುವ ಆಂಟಿ-ಡಿ ಚುಚ್ಚುಮದ್ದು ಇದನ್ನು ತಡೆಯುತ್ತದೆ. ಅದನ್ನು ತಯಾರಿಸುವುದು ಇಂತಹ ದಾನಿಗಳ ಪ್ಲಾಸ್ಮಾದಿಂದಲೇ. ಹ್ಯಾರಿಸನ್ 2018ರಲ್ಲಿ, 81ನೆಯ ವಯಸ್ಸಿನಲ್ಲಿ ನಿಲ್ಲಿಸುವ ವೇಳೆಗೆ 1173 ಬಾರಿ ಕೊಟ್ಟಿದ್ದರು. ಅವರ ದಾನವು ಸುಮಾರು 24 ಲಕ್ಷ ಶಿಶುಗಳಿಗೆ ರಕ್ಷಣೆಯಾಯಿತೆಂದು ಅಲ್ಲಿನ ರಕ್ತಸೇವೆಯ ಅಂದಾಜು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಸೂಜಿಯೆಂದರೆ ಅವರಿಗೂ ಭಯವಿತ್ತು. ಸೂಜಿ ತೋಳಿಗೆ ಇಳಿಯುವುದನ್ನು ಅವರು ಎಂದೂ ನೋಡಲಿಲ್ಲವಂತೆ. ಇದನ್ನು ಓದಿದಾಗ ನನಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು.

ನಮ್ಮ ನಗರದ ಹೆಸರನ್ನೇ ಹೊತ್ತ ಒಂದು ರಕ್ತದ ಗುಂಪೂ ಇದೆ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ಇಲ್ಲಿ ಗುರುತಿಸಿದ 'ಬಾಂಬೆ' ಗುಂಪು ಅದು. ಸಾಮಾನ್ಯ ಪರೀಕ್ಷೆಯಲ್ಲಿ ಈ ರಕ್ತವು 'ಓ' ಗುಂಪಿನದೆಂದು ತೋರುತ್ತದೆ. ಆದರೆ 'ಓ' ಗುಂಪಿನವರಲ್ಲಿಯೂ ಇರುವ 'ಎಚ್' ಎಂಬ ಅಂಶ ಇವರ ಕಣಗಳಲ್ಲಿಲ್ಲ. ಭಾರತದಲ್ಲಿ ಸುಮಾರು ಹತ್ತು ಸಾವಿರ ಮಂದಿಯಲ್ಲಿ ಒಬ್ಬರಿಗೆ ಈ ಗುಂಪು ಇರಬಹುದು. ಇವರಿಗೆ ಇದೇ ಗುಂಪಿನವರ ರಕ್ತವಲ್ಲದೆ ಬೇರೆ ರಕ್ತ ಆಗಿಬರುವುದಿಲ್ಲ. ಆದುದರಿಂದ ಈ ಗುಂಪಿನ ದಾನಿಗಳು ಒಮ್ಮೊಮ್ಮೆ ರಾಜ್ಯದಿಂದ ರಾಜ್ಯಕ್ಕೆ ಪಯಣಿಸಿ, ಮುಖ ಕಂಡರಿಯದ ರೋಗಿಗೆ ರಕ್ತ ಕೊಟ್ಟು ಬರುತ್ತಾರೆ. ಜಾತಿ, ಭಾಷೆ, ಪ್ರಾಂತಗಳ ಗೆರೆಗಳನ್ನು ರಕ್ತದ ಗುಂಪು ಲೆಕ್ಕಿಸುವುದಿಲ್ಲ. ಹೊರನಾಡಿನಲ್ಲಿ ನೆಲೆಸಿರುವ ನಾವು ಇದನ್ನು ವಿಶೇಷವಾಗಿ ನೆನೆಯಬೇಕು. ನಮ್ಮವರನ್ನು ಉಳಿಸುವವರು ಬಹುಮಟ್ಟಿಗೆ ಅನ್ಯಭಾಷಿಕರು, ನಮ್ಮ ರಕ್ತ ಉಳಿಸುವುದೂ ಅವರನ್ನೇ.

ಕೊಟ್ಟವನಿಗೆ ಏನು ಲಾಭ?

ರಕ್ತ ಕೊಟ್ಟರೆ ಹೃದಯರೋಗ ಬರುವುದಿಲ್ಲ, ತೂಕ ಇಳಿಯುತ್ತದೆ ಎಂದು ಕೆಲವರು ಪ್ರಚಾರ ಮಾಡುವುದುಂಟು. ಇಂತಹ ಮಾತುಗಳಿಗೆ ದೃಢವಾದ ಪ್ರಮಾಣವಿಲ್ಲ. ದೇಹಕ್ಕೆ ಲಾಭವಾಗಲೆಂದು ಯಾರೂ ರಕ್ತ ಕೊಡುವುದು ಬೇಡ, ಹಾನಿಯಾಗುವುದಿಲ್ಲವೆಂಬುದಷ್ಟೇ ಸಾಕು. ಲಾಭವಿರುವುದು ಬೇರೆಡೆ.

2008ರಲ್ಲಿ ಎಲಿಜಬೆತ್ ಡನ್ ಮತ್ತು ಸಂಗಡಿಗರು ಕೆನಡಾದ ವ್ಯಾಂಕೂವರ್ ನಗರದಲ್ಲಿ ನಡೆಸಿದ ಒಂದು ಸಣ್ಣ ಪ್ರಯೋಗದ ಫಲವನ್ನು ಪ್ರಕಟಿಸಿದರು. 46 ಮಂದಿಗೆ ಬೆಳಗ್ಗೆ 5 ಅಥವಾ 20 ಡಾಲರುಗಳಿದ್ದ ಲಕೋಟೆ ಕೊಟ್ಟು, ಸಂಜೆ 5 ಗಂಟೆಯೊಳಗೆ ವೆಚ್ಚ ಮಾಡಬೇಕೆಂದರು: ಕೆಲವರು ತಮಗಾಗಿ, ಕೆಲವರು ಇತರರಿಗಾಗಿ. ಸಂಜೆ ವಿಚಾರಿಸಿದಾಗ ಇತರರಿಗಾಗಿ ವೆಚ್ಚ ಮಾಡಿದವರೇ ಹೆಚ್ಚು ಸಂತೋಷದಿಂದಿದ್ದರು. ಹಣ ಐದೋ ಇಪ್ಪತ್ತೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಸ್ವಾರಸ್ಯವಿರುವುದು ಇಲ್ಲಿ: ಇದರಲ್ಲಿ ಭಾಗವಹಿಸದ ಬೇರೆ ವಿದ್ಯಾರ್ಥಿಗಳನ್ನು ಯಾವುದರಿಂದ ಹೆಚ್ಚು ಸಂತೋಷವಾದೀತೆಂದು ಕೇಳಿದಾಗ, ತಮಗಾಗಿ ವೆಚ್ಚ ಮಾಡುವುದರಿಂದ, ಅದೂ ಇಪ್ಪತ್ತು ಡಾಲರಿನಿಂದ ಎಂದರು. ತನ್ನ ತೃಪ್ತಿ ಎಲ್ಲಿದೆಯೆಂದು ಊಹಿಸುವುದರಲ್ಲಿ ಮನುಷ್ಯನು ತಪ್ಪುತ್ತಾನೆ. 1979ರಲ್ಲಿ ನಾನೂ ತಪ್ಪಿದ್ದೆ.

ಮರುವರ್ಷ, 1980ರಲ್ಲಿ, ಇಲ್ಲಿನ ಕನ್ನಡಿಗರ ಸಂಘವೊಂದು ರಕ್ತದಾನ ಶಿಬಿರವನ್ನು ಏರ್ಪಡಿಸಿತ್ತು. ಹೆಂಡತಿಗೂ ಹೇಳದೆ ಹೋಗಿ ಸಾಲಿನಲ್ಲಿ ನಿಂತೆ. ಎರಡು ಬಾರಿ ಸಾಲು ಬಿಟ್ಟು ಹೊರಗೆ ಬಂದೆನೆಂಬುದನ್ನು ಮರೆಮಾಚಲಾರೆ. ಕೊನೆಗೆ ಕೊಟ್ಟು, ಚಹ ಕುಡಿದು, ಟ್ರೇನು ಹತ್ತಿ ಮನೆಗೆ ಬಂದೆ. ಮೈಯಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಆದರೆ ಮನಸ್ಸಿನಲ್ಲಿ ಒಂದು ವರ್ಷದಿಂದ ಬಿಗಿದುಕೊಂಡಿದ್ದ ಗಂಟು ಸ್ವಲ್ಪ ಸಡಿಲಿತ್ತು. ಆ ರಾತ್ರಿ ಅವಳಿಗೆ ಎಲ್ಲವನ್ನೂ ಹೇಳಿದೆ. ನಾನು ಹೆದರಿದ್ದನ್ನು, ಸುಳ್ಳು ಹೇಳಿದ್ದನ್ನು, ಹಣ ಕೊಟ್ಟು ಕರೆತಂದವನನ್ನು. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಹಂಗಾದ್ರ ಅವಗ ಊಟ ಹಾಕೋದು ಉಳೀತು' ಎಂದಳು. ಬೇರೇನೂ ಹೇಳಲಿಲ್ಲ.

ಅಂದಿನಿಂದ ನಾನು ರಕ್ತ ಕೊಟ್ಟ ದಿನ ನಮ್ಮ ಮನೆಯಲ್ಲಿ ಒಬ್ಬ ಅತಿಥಿಗೆ ಊಟ. ಊರಿನಿಂದ ಹೊಸದಾಗಿ ಬಂದು ಖಾನಾವಳಿಯಲ್ಲಿ ಉಣ್ಣುತ್ತಿದ್ದ ತರುಣರು, ಕಚೇರಿಯ ಜವಾನ, ಒಮ್ಮೆ ಕಟ್ಟಡದ ಕಾವಲುಗಾರ. ನನ್ನ ರಕ್ತ ಯಾರಿಗೆ ಹೋಯಿತೆಂದು ನನಗೆ ತಿಳಿಯದು. ಏಕೆ ಊಟಕ್ಕೆ ಕರೆದರೆಂದು ಅವರಿಗೂ ತಿಳಿಯದು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ದಾನಿಯ ರಕ್ತವನ್ನು ರೋಗಿಗೆ ಕೊಟ್ಟಾಗ ದಾನಿಗೆ ಮೊಬೈಲಿನಲ್ಲಿ ಸಂದೇಶ ಕಳುಹಿಸುವ ಪದ್ಧತಿಯಿದೆ. ಅದು ಒಳ್ಳೆಯದೇ. ಆದರೆ ನನಗೆ ಆ ಸಂದೇಶದ ಅಗತ್ಯ ಕಾಣುವುದಿಲ್ಲ. ಕರ್ಣನಿಗೆ ಬೇಡಲು ಬಂದವನು ಯಾರೆಂದು ತಿಳಿದಿತ್ತು. ರಕ್ತದಾನಿಗೆ ಅದೂ ತಿಳಿಯದು. ಕೃತಜ್ಞತೆಯನ್ನು ಪಡೆಯುವ ದಾರಿಯೇ ಇಲ್ಲದಿರುವುದರಿಂದ, ಇಲ್ಲಿ 'ನಾನು ಕೊಟ್ಟೆ'ನೆಂಬ ಭಾವಕ್ಕೆ ನಿಲ್ಲಲು ನೆಲೆಯಿಲ್ಲ. ಉಳಿಯುವುದು ಒಂದು ಶಾಂತವಾದ ಧನ್ಯತೆ ಮಾತ್ರ.

ಕೊಡಲು ಹೊರಡುವವರಿಗೆ ಕೆಲವು ಸೂಚನೆಗಳು

ವಯಸ್ಸು 18ರಿಂದ 65ರೊಳಗಿರಬೇಕು. ಮೊದಲ ಬಾರಿ ಕೊಡುವವರಿಗೆ 60 ಮೀರಿರಬಾರದು. ತೂಕ ಕನಿಷ್ಠ 45 ಕಿಲೋಗ್ರಾಂ ಇರಬೇಕು. 55ಕ್ಕಿಂತ ಹೆಚ್ಚು ತೂಕವಿರುವವರಿಂದ ಮಾತ್ರ 450 ಮಿಲಿಲೀಟರ್ ತೆಗೆಯುತ್ತಾರೆ. ಹಿಮೋಗ್ಲೋಬಿನ್ 100 ಮಿಲಿಲೀಟರಿಗೆ 12.5 ಗ್ರಾಂಗಿಂತ ಕಡಿಮೆಯಿರಬಾರದು. ಗರ್ಭಿಣಿಯರೂ, ಮೊಲೆಯೂಡುವ ತಾಯಂದಿರೂ ಕೊಡಬಾರದು. ಕಾಮಾಲೆ, ಮಲೇರಿಯ, ಶಸ್ತ್ರಚಿಕಿತ್ಸೆ, ಹಚ್ಚೆ ಹಾಕಿಸಿಕೊಂಡದ್ದು, ಸೇವಿಸುತ್ತಿರುವ ಔಷಧಿ, ಇವುಗಳಲ್ಲಿ ಯಾವುದನ್ನೂ ವೈದ್ಯರಿಂದ ಮುಚ್ಚಿಡಬಾರದು. ಎಲ್ಲ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಗಳಿಗಾಗಿ ಪರೀಕ್ಷಿಸುತ್ತಾರೆ, ನಿಜ. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೆ ಸಿಕ್ಕದಿರಬಹುದು. ಆಗ ರೋಗಿಯನ್ನು ಕಾಯುವುದು ದಾನಿಯ ಸತ್ಯವೊಂದೇ.

ಬರಿಹೊಟ್ಟೆಯಲ್ಲಿ ಹೋಗಬೇಡಿ. ಹಿಂದಿನ ರಾತ್ರಿ ಚೆನ್ನಾಗಿ ನಿದ್ರಿಸಿ, ಕೊಡುವ ಮುನ್ನ ಮತ್ತು ಕೊಟ್ಟ ಬಳಿಕ ಧಾರಾಳವಾಗಿ ನೀರು ಕುಡಿಯಿರಿ. ಕೊಟ್ಟ ಮೇಲೆ ಹತ್ತು ಹದಿನೈದು ನಿಮಿಷ ವಿಶ್ರಮಿಸಿ. ತಲೆ ಸುತ್ತಿದರೆ ತಕ್ಷಣ ಮಲಗಿ ಕಾಲುಗಳನ್ನು ಎತ್ತರಿಸಿ. ಅಂದು ಆ ಕೈಯಿಂದ ಭಾರ ಎತ್ತಬೇಡಿ. ಮುಂದಿನ ವಾರಗಳಲ್ಲಿ ಸೊಪ್ಪು, ಹುರುಳಿ, ಕಡಲೆ ಮೊದಲಾದವು ಊಟದಲ್ಲಿರಲಿ. ಜೊತೆಗೆ ನಿಂಬೆಹಣ್ಣು ಅಥವಾ ನೆಲ್ಲಿಕಾಯಿಯಿದ್ದರೆ ಕಬ್ಬಿಣದ ಅಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜೊತೆಗೇ ಚಹ ಕುಡಿಯುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು.

ಒಂದು ಚೀಲ ರಕ್ತದಿಂದ ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾಗಳನ್ನು ಬೇರ್ಪಡಿಸಿ ಮೂವರಿಗೆ ಕೊಡಬಹುದು. ಆದರೆ ಪ್ಲೇಟ್‌ಲೆಟ್ ಉಳಿಯುವುದು ಸುಮಾರು 5 ದಿನ. ಕೆಂಪು ಕಣಗಳು ಶೈತ್ಯದಲ್ಲಿ 35ರಿಂದ 42 ದಿನ. ಥಲಸ್ಸೀಮಿಯಾದ ತೀವ್ರ ರೂಪವಿರುವ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಬಾಳಿನುದ್ದಕ್ಕೂ, ರಕ್ತ ಬೇಕು. ಆದುದರಿಂದ ವರ್ಷಕ್ಕೊಮ್ಮೆ ಉತ್ಸವದಂತೆ ನೂರು ಮಂದಿ ಒಂದೇ ದಿನ ಕೊಡುವುದಕ್ಕಿಂತ, ಅವರೇ ಸರದಿಯ ಮೇಲೆ ವರ್ಷವಿಡೀ ಕೊಡುವುದು ಹೆಚ್ಚು ಉಪಯುಕ್ತ. ಕಾಲೇಜುಗಳಿಗೆ ರಜೆಯಿರುವ ಮೇ ತಿಂಗಳಲ್ಲಿಯೂ ದೀಪಾವಳಿಯ ದಿನಗಳಲ್ಲಿಯೂ ರಕ್ತನಿಧಿಗಳು ಬರಿದಾಗುವುದುಂಟು; ನಮ್ಮ ಸಂಘದ ಸದಸ್ಯರು ಆ ದಿನಗಳನ್ನು ಆರಿಸಿಕೊಳ್ಳಲಿ.

ಕೊಡಲಾಗದವರು

ಕೆಲವರಿಗೆ ದೇಹ ಅವಕಾಶ ಕೊಡುವುದಿಲ್ಲ. ಅವರು ನೊಂದುಕೊಳ್ಳಬೇಕಾಗಿಲ್ಲ, ಹಟ ಹಿಡಿಯಲೂಬಾರದು. ಇಲ್ಲದವನಿಂದ ಕಿತ್ತುಕೊಂಡದ್ದು ದಾನವಲ್ಲವೆಂಬುದನ್ನು ಅಂದಿನ ಆ ಬಿಳಿಚಿದ ಕಣ್ಣು ನನಗೆ ಕಲಿಸಿದೆ. ಹೆದರಿದ ತರುಣನ ಪಕ್ಕದಲ್ಲಿ ಕುಳಿತು ಮಾತನಾಡಿಸುವುದೂ ಒಂದು ಕೊಡುಗೆಯೇ. ಇನ್ನು ನೇತ್ರದಾನಕ್ಕೆ ವಯಸ್ಸು ಅಡ್ಡಿಯಲ್ಲ. ಮರಣಾನಂತರ ಆರು ಗಂಟೆಗಳೊಳಗೆ ಕಣ್ಣುಗಳನ್ನು ತೆಗೆಯಬೇಕಾದುದರಿಂದ ಮನೆಯವರು ಆದಷ್ಟು ಬೇಗ ನೇತ್ರನಿಧಿಗೆ ತಿಳಿಸಬೇಕು, ಅಷ್ಟೇ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು. 2021ರಲ್ಲಿ ಅವರ ಪುತ್ರ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ದೊರೆಯಿತು. ಆ ದಾನಗಳನ್ನು ಕಂಡು ಎಷ್ಟೋ ಮನೆಗಳಲ್ಲಿ ಈ ಮಾತು ಸಂಕೋಚವಿಲ್ಲದೆ ನಡೆಯುವಂತಾಯಿತು. ನಮ್ಮ ಮನೆಯಲ್ಲಿಯೂ ನಡೆಯಿತು.

ನನಗೆ 2017ರಲ್ಲಿ 65 ತುಂಬಿತು. ಅಲ್ಲಿಗೆ 62 ಬಾರಿ ಕೊಟ್ಟಿದ್ದೆ. ಕೊನೆಯ ಸಲ ರಕ್ತನಿಧಿಯ ದಾದಿ ಸೂಜಿ ತೆಗೆದು, ಹತ್ತಿ ಒತ್ತಿಹಿಡಿಯಲು ಹೇಳಿದಾಗ, ಏನನ್ನೋ ಕಳೆದುಕೊಂಡಂತೆ ಅನಿಸಿತು. ಕೊಡುವ ಅವಕಾಶವೂ ಒಂದು ಸಂಪತ್ತೆಂದು ಆಗ ತಿಳಿಯಿತು. 62 ಬಾರಿ ಕೊಟ್ಟು ಆ ಅಪರಿಚಿತನ ಋಣ ತೀರಿತೇ ಎಂದು ಕೇಳಿದರೆ, ಇಲ್ಲವೆಂದೇ ಹೇಳುವೆ. ಆದರೆ ಅದೀಗ ಭಾರವಾಗಿ ಉಳಿದಿಲ್ಲ. ನನ್ನನ್ನು ಕಾಣದ ಅನೇಕರೊಡನೆ ಜೋಡಿಸುವ ಒಂದು ಎಳೆಯಾಗಿ ಉಳಿದಿದೆ.

1979ರ ಆ ರಾತ್ರಿ ಹುಟ್ಟಿದ ಮಗಳು ಈಗ ಪುಣೆಯಲ್ಲಿದ್ದಾಳೆ. ಹಿಮೋಗ್ಲೋಬಿನ್ ಸರಿಯಿದ್ದಾಗಲೆಲ್ಲ ಅವಳು ರಕ್ತ ಕೊಡುತ್ತಾಳೆ. ಅಂದು ಅವಳ ಮನೆಯಲ್ಲಿಯೂ ಒಬ್ಬರಿಗೆ ಊಟವಿರುತ್ತದೆ. ವಾಚಕರಲ್ಲಿ ತರುಣರು ಯಾರಾದರೂ ಇದನ್ನು ಓದಿ, ಬರುವ ಶಿಬಿರದಲ್ಲಿ ಮೊದಲ ಬಾರಿಗೆ ಸಾಲಿನಲ್ಲಿ ನಿಲ್ಲುವುದಾದರೆ ಇಷ್ಟನ್ನು ಮಾತ್ರ ನೆನಪಿಡಲಿ: ಭಯವಾಗುವುದು ಸಹಜ. ಎರಡು ಬಾರಿ ಸಾಲು ಬಿಟ್ಟು ಹೊರಗೆ ಬಂದರೂ ಚಿಂತೆಯಿಲ್ಲ, ಮೂರನೆಯ ಬಾರಿ ಒಳಗೆ ಹೋದರೆ ಸಾಕು.